ತಲೆನೋವಿನ ಮೂಲ ಸೊಂಟದಲ್ಲಿ

ತುಂಬಿದ ಕೊಡವನ್ನು ಎತ್ತುವಾಗಲೋ, ಮಂಚದ ಕೆಳಗಿನ ಪೆಟ್ಟಿಗೆಯನ್ನು ಎಳೆಯಲು ಬಗ್ಗಿದಾಗಲೋ, ಅಥವಾ ಯಾವ ಶ್ರಮವೂ ಇಲ್ಲದೆ ಕುರ್ಚಿಯಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದಾಗಲೋ, ಗೃಹಸ್ಥನೊಬ್ಬನಿಗೆ ಯಾರೋ ಹಿಂದಿನಿಂದ ಬಂದು ಬೆನ್ನಿಗೆ ಚೂರಿಯಿಂದ ಇರಿದಂತಹ ನೋವು ಥಟ್ಟನೆ ಕಾಣಿಸಿಕೊಳ್ಳುತ್ತದೆ. ಆ ನೋವು ಸೊಂಟದಿಂದ ತೊಡೆಯ ಹಿಂಭಾಗಕ್ಕೆ ಇಳಿದು ಮೀನಖಂಡದವರೆಗೂ ಹರಿಯುತ್ತದೆ. ಇಂತಹ ಸಂದರ್ಭಗಳಲ್ಲಿ ಮನೆಯೊಳಗೆ ಸಲಹೆಗಾರರ ಕೊರತೆಯಿರುವುದಿಲ್ಲ. ಉಳುಕಿರಬೇಕೆಂದು ಅಜ್ಜಿಯವರು ಎಣ್ಣೆ ಕಾಯಿಸುತ್ತಾರೆ. ಕಾಲು ಮುಂದಾಗಿ ಹುಟ್ಟಿದವರು ಯಾರಾದರೂ ಬೀದಿಯಲ್ಲಿದ್ದರೆ ಅವರಿಂದ ಒಮ್ಮೆ ಒದೆಸಿದರೆ ಸರಿಹೋದೀತೆಂದು ನೆರೆಮನೆಯವರು ನೆನಪಿಸುತ್ತಾರೆ. ಅಷ್ಟರಲ್ಲಿ ನೋವು ತನ್ನ ಜಾಗವನ್ನು ಬದಲಾಯಿಸತೊಡಗುತ್ತದೆ. ಬೆನ್ನನ್ನು ಏರಿ ಕತ್ತಿಗೆ ಬರುತ್ತದೆ. ಕತ್ತಿನಿಂದ ತಲೆಗೆ ಹತ್ತುತ್ತದೆ. ತಲೆ ಸಿಡಿಯುವಂತಾಗುತ್ತದೆ, ವಾಂತಿಯಾಗುತ್ತದೆ, ಬೆಳಕನ್ನು ಕಣ್ಣು ಸಹಿಸದಾಗುತ್ತದೆ. ಕತ್ತು ಮರದ ತುಂಡಿನಂತೆ ಬಿಗಿದು, ಗದ್ದವನ್ನು ಎದೆಗೆ ತಾಗಿಸುವುದು ಅಸಾಧ್ಯವಾಗುತ್ತದೆ. ರೋಗಿಯನ್ನು ಆಸ್ಪತ್ರೆಗೆ ಸಾಗಿಸುವ ಹೊತ್ತಿಗೆ ಅವನ ಬಾಯಲ್ಲಿ ತಲೆನೋವಿನ ಮಾತೊಂದೇ ಉಳಿದಿರುತ್ತದೆ. ಬೆನ್ನಿನ ಇರಿತದ ಸಂಗತಿ ಎಲ್ಲರಿಗೂ ಮರೆತುಹೋಗಿರುತ್ತದೆ.

ಈ ಮರೆವೇ ಮುಂದಿನ ತೊಡಕುಗಳಿಗೆಲ್ಲ ಕಾರಣವಾಗುವುದುಂಟು.

ಹಠಾತ್ತಾದ ಘೋರ ತಲೆನೋವು, ಬಿಗಿದ ಕತ್ತು, ವಾಂತಿ — ಇವು ಮೂರೂ ಕೂಡಿದಾಗ ವೈದ್ಯರು ಮಿದುಳಿನ ಸುತ್ತ ರಕ್ತಸ್ರಾವವಾಗಿರಬೇಕೆಂದು ಶಂಕಿಸುವುದು ನ್ಯಾಯವೇ ಆಗಿದೆ. ಇಂತಹ ರಕ್ತಸ್ರಾವಕ್ಕೆ ಪೆಟ್ಟು ಕಾರಣವಲ್ಲದಿದ್ದಾಗ, ನೂರರಲ್ಲಿ ಸುಮಾರು 85 ಮಂದಿಯಲ್ಲಿ ಮಿದುಳಿನ ಬುಡದ ಅಪಧಮನಿಯೊಂದು ಗುಳ್ಳೆಯಂತೆ ಉಬ್ಬಿ ಒಡೆದಿರುತ್ತದೆ. ಆದುದರಿಂದ ಮೊದಲು ತಲೆಯ ಸಿ. ಟಿ. ಚಿತ್ರ ತೆಗೆಯುತ್ತಾರೆ, ಸಂದೇಹ ಉಳಿದರೆ ಸೊಂಟದಲ್ಲಿ ಸೂಜಿ ಚುಚ್ಚಿ ನೀರು ತೆಗೆದು ನೋಡುತ್ತಾರೆ, ನೀರಿನಲ್ಲಿ ರಕ್ತ ಕಂಡರೆ ಮಿದುಳಿನ ರಕ್ತನಾಳಗಳ ಚಿತ್ರವನ್ನು ತೆಗೆಯುತ್ತಾರೆ. ಉಳಿದ 15 ಮಂದಿಯಲ್ಲಿ ಹೆಚ್ಚಿನವರಿಗೆ ಈ ಚಿತ್ರಗಳಲ್ಲಿ ಏನೂ ಕಾಣುವುದಿಲ್ಲ. ರಕ್ತವೇನೋ ಇದೆ, ಅದು ಹೊರಟ ಬಾಯಿ ಸಿಕ್ಕದು. ಇವರಲ್ಲಿ ಹಲವರು ತಾವಾಗಿಯೇ ಗುಣಹೊಂದಿ ಮನೆಗೆ ಹೋಗುತ್ತಾರೆ, ಮತ್ತೆಂದೂ ತೊಂದರೆಗೆ ಸಿಲುಕುವುದಿಲ್ಲ. ಆದರೆ ಕೆಲವೇ ಕೆಲವರಲ್ಲಿ ರಕ್ತದ ಮೂಲ ತಲೆಯಲ್ಲಿ ಇರುವುದೇ ಇಲ್ಲ. ಅದು ಒಂದು ಮೊಳಕ್ಕೂ ಕೆಳಗೆ, ಬೆನ್ನುಮೂಳೆಯ ಕೊಳವೆಯೊಳಗೆ ಅಡಗಿರುತ್ತದೆ. ಈ ಜಾತಿಯ ರಕ್ತಸ್ರಾವಗಳನ್ನೆಲ್ಲ ಒಟ್ಟುಗೂಡಿಸಿದರೆ ಬೆನ್ನಿನಿಂದ ಹೊರಟವು ನೂರಕ್ಕೆ ಒಂದಕ್ಕಿಂತಲೂ ಕಡಮೆ. ಅವುಗಳಲ್ಲಿ ಹೆಚ್ಚಿನವಕ್ಕೆ ಬೆನ್ನುಹುರಿಯ ಮೇಲೆ ಹುಟ್ಟಿನಿಂದಲೋ ಅನಂತರವೋ ಹೆಣೆದುಕೊಂಡ ವಿಕೃತ ರಕ್ತನಾಳಗಳು ಕಾರಣ. ಮತ್ತೊಂದು ಕಾರಣ, ಇಂದಿನ ವಿಷಯವಾದ ಬೆನ್ನುಹುರಿಯ ಗೆಡ್ಡೆ.

ಸೊಂಟದಲ್ಲಿ ಸುರಿದ ರಕ್ತ ತಲೆಯನ್ನು ಹೇಗೆ ನೋಯಿಸೀತು ಎಂಬ ಪ್ರಶ್ನೆ ವಾಚಕರಿಗೆ ಸಹಜವಾಗಿಯೇ ಹುಟ್ಟುತ್ತದೆ. ಉತ್ತರ ದೇಹದ ಕಟ್ಟಡದಲ್ಲಿದೆ. ಮಿದುಳೂ ಬೆನ್ನುಹುರಿಯೂ ಒಂದೇ ಮನೆಯ ಎರಡು ಕೋಣೆಗಳು, ನಡುವೆ ಬಾಗಿಲಿಲ್ಲ. ಬೆನ್ನುಹುರಿ ಸುಮಾರು 45 ಸೆಂಟಿಮೀಟರ್ ಉದ್ದದ, ಕಿರುಬೆರಳಿನಷ್ಟು ದಪ್ಪದ ಒಂದು ಮೃದುವಾದ ಹುರಿ. ಅದು ಬೆನ್ನುಮೂಳೆಯ ತುದಿಯವರೆಗೂ ಹೋಗುತ್ತದೆಂದು ಹಲವರ ಭಾವನೆ, ಹಾಗಲ್ಲ. ಬೆಳೆದ ಮನುಷ್ಯನಲ್ಲಿ ಸೊಂಟದ ಮೊದಲನೆಯ ಮತ್ತು ಎರಡನೆಯ ಮಣಿಗಳ ಮಟ್ಟದಲ್ಲಿಯೇ ಅದು ಮೊನಚಾಗಿ ಮುಗಿದುಹೋಗುತ್ತದೆ. ಅಲ್ಲಿಂದ ಕೆಳಗೆ ಕಾಲು, ಮೂತ್ರಕೋಶ, ಗುದದ್ವಾರಗಳಿಗೆ ಹೋಗುವ ನರಗಳು ಒಂದು ಗೊಂಚಲಾಗಿ ಇಳಿಬಿದ್ದಿರುತ್ತವೆ. ಇದಕ್ಕೆ ಅಂಗರಚನಾಶಾಸ್ತ್ರಜ್ಞರು ಕುದುರೆಬಾಲವೆಂದು ಹೆಸರಿಟ್ಟಿದ್ದಾರೆ. ನೋಡಿದವರಿಗೆ ಈ ಹೆಸರು ಎಷ್ಟು ಸರಿಯೆಂದು ಥಟ್ಟನೆ ಹೊಳೆಯುತ್ತದೆ. ಆ ಬಾಲದ ನಡುವೆ, ಹುರಿಯ ಮೊನೆಯಿಂದ ಬಾಲದ ಮೂಳೆಯವರೆಗೆ, ನರವಲ್ಲದ ಒಂದು ತೆಳುವಾದ ದಾರವೂ ಇದೆ. ಅದನ್ನು ಅಂತ್ಯತಂತು ಎನ್ನಬಹುದು. ಈ ಕಥೆಯಲ್ಲಿ ಅದರ ಪಾತ್ರ ದೊಡ್ಡದು.

ಇವೆಲ್ಲವನ್ನೂ ಮೂರು ಪೊರೆಗಳು ಸುತ್ತಿಕೊಂಡಿವೆ. ಹೊರಗಿನದು ಗಟ್ಟಿಪೊರೆ, ನಡುವಿನದು ಜೇಡರ ಬಲೆಯಂತಹ ನವಿರಾದ ಪೊರೆ, ಒಳಗಿನದು ಹುರಿಗೇ ಅಂಟಿಕೊಂಡ ಮೃದುಪೊರೆ. ನಡುವಿನ ಪೊರೆಗೂ ಒಳಗಿನ ಪೊರೆಗೂ ನಡುವಣ ಅವಕಾಶದಲ್ಲಿ ನೀರಿನಂತೆ ತಿಳಿಯಾದ ದ್ರವವೊಂದು ತುಂಬಿದೆ. ದೇಹದಲ್ಲಿ ಒಂದು ಹೊತ್ತಿಗೆ ಇರುವುದು ಸುಮಾರು 150 ಮಿಲಿಲೀಟರ್. ಆದರೆ ದಿನವೊಂದಕ್ಕೆ ತಯಾರಾಗುವುದು ಸುಮಾರು 500 ಮಿಲಿಲೀಟರ್. ಎಂದರೆ ದಿನಕ್ಕೆ ಮೂರು ಬಾರಿಗೂ ಮಿಗಿಲಾಗಿ ಹಳೆಯದು ಹೋಗಿ ಹೊಸದು ಬರುತ್ತದೆ. ತಲೆಬುರುಡೆಯೊಳಗೂ ಸೊಂಟದ ತಳದಲ್ಲಿಯೂ ಇರುವುದು ಈ ಒಂದೇ ದ್ರವ. ಕೆರೆಯ ಒಂದು ಮೂಲೆಯಲ್ಲಿ ಕುಂಕುಮ ಕದಡಿದರೆ ಇನ್ನೊಂದು ಮೂಲೆಯ ನೀರೂ ಕೆಂಪಾಗುವಂತೆ, ಕುದುರೆಬಾಲದ ಬಳಿ ಸುರಿದ ರಕ್ತ ಗಂಟೆಗಳೊಳಗೆ ಮಿದುಳಿನ ಬುಡವನ್ನು ಮುಟ್ಟುತ್ತದೆ. ಪೊರೆಗಳಿಗೆ ರಕ್ತವೆಂದರೆ ಆಗದು. ಅದು ತಾಗಿದಲ್ಲೆಲ್ಲ ಅವು ಕೆರಳುತ್ತವೆ. ಆ ಕೆರಳುವಿಕೆಯೇ ಕತ್ತಿನ ಬಿಗಿತ, ತಲೆಯ ಸಿಡಿತ.

ಈ ಸರಣಿಯ ಮೊದಲ ಕೊಂಡಿ, ಎಂದರೆ ಬೆನ್ನಿನ ಇರಿತ, ರೋಗನಿರ್ಣಯಕ್ಕೆ ಎಷ್ಟು ಅಮೂಲ್ಯವೆಂಬುದನ್ನು ಫ್ರಾನ್ಸಿನ ವೈದ್ಯ ಮಿಶೋಂ 1928ರಲ್ಲಿಯೇ ಎತ್ತಿ ತೋರಿಸಿದ. ಅದಕ್ಕೆ ಅವನು ಕೊಟ್ಟ ಹೆಸರು ‘ಬೆನ್ನಿನ ಕಠಾರಿ ಇರಿತ’ ಎಂದೇ. ವೈದ್ಯಶಾಸ್ತ್ರದ ಹೆಸರುಗಳು ಸಾಮಾನ್ಯವಾಗಿ ರೋಗಿಯ ಬಾಯಿಗೆ ಬಾರದ ಕಷ್ಟಪದಗಳು; ಇದೊಂದು ಮಾತ್ರ ರೋಗಿಯ ಬಾಯಿಂದಲೇ ಎತ್ತಿಕೊಂಡಂತಿದೆ.

ಗೆಡ್ಡೆಯ ಸಂಬಂಧವನ್ನು ಸ್ಪಷ್ಟಪಡಿಸಿದವನು ಅಮೆರಿಕದ ಅಟ್ಲಾಂಟಾ ನಗರದ ನರಶಸ್ತ್ರವೈದ್ಯ ಎಡ್ಗರ್ ಫಿಂಚರ್. ಸೊಂಟದ ಭಾಗದಲ್ಲಿ, ಗಟ್ಟಿಪೊರೆಯ ಚೀಲದೊಳಗೆ ಬೆಳೆದ ಗೆಡ್ಡೆಗಳಿಂದ ತಾನಾಗಿಯೇ ರಕ್ತ ಸ್ರವಿಸುವುದನ್ನು ಅವನು 1951ರಲ್ಲಿ ಒಂದು ಪ್ರತ್ಯೇಕ ಲಕ್ಷಣಸಮೂಹವೆಂದು ವರ್ಣಿಸಿದ. ಇಂದಿಗೂ ಅದಕ್ಕೆ ಫಿಂಚರನ ಹೆಸರೇ ಇದೆ. ಅವನು ಜೋಡಿಸಿದ ಲಕ್ಷಣಗಳು ಎರಡು ಬಗೆಯವು. ಒಂದು, ತಲೆಯಲ್ಲಿ ರಕ್ತಸ್ರಾವವಾದಾಗ ಕಾಣುವಂಥವು. ಇನ್ನೊಂದು, ಸಯಾಟಿಕಾ ನೋವು. ನಮ್ಮ ಆಯುರ್ವೇದವು ಗೃಧ್ರಸೀ ಎಂದು ಕರೆದು, ರೋಗಿಯ ನಡಿಗೆಯನ್ನು ಹದ್ದಿನ ನಡಿಗೆಗೆ ಹೋಲಿಸಿದ ಕಾಲಿನ ಸೆಳೆತ. ಇವೆರಡನ್ನೂ ಬೇರೆಬೇರೆಯಾಗಿ ಕಂಡ ವೈದ್ಯರು ಅಸಂಖ್ಯಾತ. ಎರಡನ್ನೂ ಒಂದೇ ಹಾಸಿಗೆಯ ಮೇಲೆ, ಒಂದೇ ರೋಗಿಯಲ್ಲಿ ಕಂಡಾಗ ಸೊಂಟವನ್ನು ಹುಡುಕಬೇಕೆಂಬುದು ಫಿಂಚರನ ಕಾಣಿಕೆ. ಕೇಳಿದ ಮೇಲೆ ಇದು ಸರಳವೆನಿಸುತ್ತದೆ. ಒಳ್ಳೆಯ ಸಂಶೋಧನೆಗಳ ಗುಣವೇ ಅದು.

ಬೆನ್ನುಹುರಿಯ ಕೊಳವೆಯೊಳಗೆ ಬೆಳೆಯುವ ಗೆಡ್ಡೆಗಳು ಹಲವು. ಕೆಲವು ಗಟ್ಟಿಪೊರೆಯ ಹೊರಗೆ ಬೆಳೆಯುತ್ತವೆ. ದೇಹದ ಬೇರೆ ಭಾಗದ ಅರ್ಬುದ ಹರಡಿ ಬಂದವುಗಳು ಹೆಚ್ಚಾಗಿ ಇಲ್ಲಿವೆ. ಇವು ಹುರಿಯನ್ನು ಹಿಸುಕಬಹುದು, ಆದರೆ ದ್ರವದೊಳಗೆ ರಕ್ತ ಸುರಿಸುವುದು ಇವುಗಳ ಸ್ವಭಾವವಲ್ಲ. ರಕ್ತಸ್ರಾವಕ್ಕೆ ಹೆಸರಾದವು ಚೀಲದ ಒಳಗಿನವು. ಅವುಗಳಲ್ಲಿಯೂ ಮೊದಲ ಸ್ಥಾನ ಎಪೆಂಡಿಮೋಮಾ ಎಂಬುದಕ್ಕೆ ಸಲ್ಲುತ್ತದೆ. ಬೆನ್ನುಹುರಿಯ ನಟ್ಟನಡುವಿನ ಸೂಕ್ಷ್ಮ ನಾಳಕ್ಕೆ ಒಳಹೊದಿಕೆಯಾದ ಜೀವಕೋಶಗಳಿಂದ ಇದು ಹುಟ್ಟುತ್ತದೆ. ಆ ಜೀವಕೋಶಗಳ ಅವಶೇಷ ಅಂತ್ಯತಂತುವಿನಲ್ಲಿಯೂ ಉಳಿದಿರುವುದರಿಂದ, ಕುದುರೆಬಾಲದ ನಡುವೆ ಇದರ ಒಂದು ವಿಶಿಷ್ಟ ಜಾತಿ ಬೆಳೆಯುತ್ತದೆ. ಅಮೆರಿಕದ ಮೇಯೋ ಕ್ಲಿನಿಕ್ಕಿನ ರೋಗವಿಜ್ಞಾನಿ ಜೇಮ್ಸ್ ಕೆರ್ನೋಹನ್ 1932ರಲ್ಲಿ ಅದನ್ನು ಗುರುತಿಸಿ ಬೇರೆಯಾಗಿ ಹೆಸರಿಸಿದ. ನಿಧಾನವಾಗಿ, ವರ್ಷಗಟ್ಟಲೆ, ಸದ್ದಿಲ್ಲದೆ ಬೆಳೆಯುವ ಈ ಗೆಡ್ಡೆ ಹೆಚ್ಚಾಗಿ ಯೌವನ ಮತ್ತು ನಡುವಯಸ್ಸಿನವರನ್ನು ಹಿಡಿಯುತ್ತದೆ. ನರದ ಹೊದಿಕೆಯಿಂದ ಹುಟ್ಟುವ ಶ್ವಾನೋಮಾ, ರಕ್ತನಾಳಗಳಿಂದಲೇ ಹೆಣೆದಂತಿರುವ ಹೀಮಾಂಜಿಯೋಬ್ಲಾಸ್ಟೋಮಾ ಇವೂ ರಕ್ತ ಸುರಿಸಿದ ಪ್ರಸಂಗಗಳುಂಟು. ಪೊರೆಯಿಂದ ಹುಟ್ಟುವ ಮೆನಿಂಜಿಯೋಮಾ ಮಾತ್ರ ತೀರ ಅಪರೂಪಕ್ಕೆ ಹಾಗೆ ಮಾಡುತ್ತದೆ.

ಗೆಡ್ಡೆಯೇಕೆ ರಕ್ತ ಸುರಿಸುತ್ತದೆ? ಕುದುರೆಬಾಲದ ಗೆಡ್ಡೆಯ ವಿಷಯದಲ್ಲಿ ಅದು ಬೆಳೆಯುವ ಸ್ಥಾನವೇ ಅರ್ಧ ಉತ್ತರ. ಮನುಷ್ಯನ ಬೆನ್ನಿನಲ್ಲಿ ಸೊಂಟದಷ್ಟು ಚಲಿಸುವ ಭಾಗಗಳು ವಿರಳ. ಬಗ್ಗಿದಾಗ, ಎದ್ದಾಗ, ಕಾಲನ್ನು ನೀಡಿದಾಗ ನರದ ಎಳೆಗಳು ಚೀಲದೊಳಗೆ ಮೇಲಕ್ಕೂ ಕೆಳಕ್ಕೂ ಜಾರುತ್ತವೆ. ಗೆಡ್ಡೆ ಅವುಗಳಿಗೆ ಅಂಟಿಕೊಂಡಿದ್ದರೆ ಪ್ರತಿಯೊಂದು ಚಲನೆಯೂ ಅದನ್ನು ಜಗ್ಗುತ್ತದೆ. ಅದರ ಮೇಲ್ಮೈಯ ರಕ್ತನಾಳಗಳಾದರೋ ಸಂಖ್ಯೆಯಲ್ಲಿ ಹೆಚ್ಚು, ಗೋಡೆಯಲ್ಲಿ ದುರ್ಬಲ. ಒಂದು ದಿನ ಒಂದು ನಾಳ ಹರಿಯುತ್ತದೆ. ಶ್ವಾನೋಮಾದಲ್ಲಿ ನಡೆಯುವುದು ಸ್ವಲ್ಪ ಬೇರೆ: ಅದರೊಳಗಿನ ಹಿಗ್ಗಿದ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿ, ಪೋಷಣೆ ತಪ್ಪಿದ ಭಾಗ ಸತ್ತು, ಅಲ್ಲಿಂದ ರಕ್ತ ಒಸರುತ್ತದೆಂದು ಹೇಳುತ್ತಾರೆ. ಹೃದ್ರೋಗಕ್ಕಾಗಿ ರಕ್ತ ಹೆಪ್ಪುಗಟ್ಟದಂತೆ ಔಷಧಿ ಸೇವಿಸುತ್ತಿರುವವರಲ್ಲಿ ಸಣ್ಣ ಸ್ರಾವವೂ ದೊಡ್ಡದಾಗಬಹುದು. ಹಾಗೆಂದು ಯಾರೂ ಅಂತಹ ಔಷಧಿಯನ್ನು ತಾವಾಗಿ ನಿಲ್ಲಿಸಲಾಗದು. ಅದರಿಂದ ಬರುವ ಅಪಾಯ ಇದಕ್ಕಿಂತ ಎಷ್ಟೋ ಪಾಲು ದೊಡ್ಡದು.

ಇಲ್ಲಿಯವರೆಗೆ ಹೇಳಿದ್ದು ಗದ್ದಲಮಾಡಿಕೊಂಡು ಬರುವ ರಕ್ತಸ್ರಾವ. ಇದಕ್ಕಿಂತ ವಿಚಿತ್ರವಾದ ಇನ್ನೊಂದು ಬಗೆಯಿದೆ. ಅದು ಇರಿಯುವುದಿಲ್ಲ, ಕೂಗುವುದಿಲ್ಲ. ಗೆಡ್ಡೆಯಿಂದ ದಿನವೂ ತೊಟ್ಟುತೊಟ್ಟಾಗಿ, ವರ್ಷಾನುಗಟ್ಟಲೆ ಒಸರುತ್ತದೆ. ಆ ರಕ್ತ ಕರಗಿ ಅದರಲ್ಲಿದ್ದ ಕಬ್ಬಿಣದ ಅಂಶ ದ್ರವದೊಡನೆ ತೇಲಿಹೋಗಿ ಮಿದುಳಿನ ಮೇಲ್ಮೈಯಲ್ಲಿ ತುಕ್ಕಿನಂತೆ ಕೂರುತ್ತದೆ. ಕಿವಿಯಿಂದ ಮಿದುಳಿಗೆ ಹೋಗುವ ನರವೂ ನಡಿಗೆಯ ಸಮತೋಲವನ್ನು ಕಾಯುವ ಚಿಕ್ಕಮಿದುಳೂ ಈ ತುಕ್ಕಿಗೆ ಎಲ್ಲಕ್ಕಿಂತ ಮೊದಲು ಬಲಿಯಾಗುತ್ತವೆ. ಪರಿಣಾಮವಾಗಿ ರೋಗಿಗೆ ಎರಡು ಕಿವಿಗಳೂ ಮೆಲ್ಲಮೆಲ್ಲನೆ ಮಂದವಾಗುತ್ತವೆ. ನಡೆದರೆ ಹೆಜ್ಜೆ ತೂರಾಡುತ್ತದೆ. ಜೀವಮಾನದಲ್ಲಿ ಮದ್ಯವನ್ನು ಮುಟ್ಟದವನನ್ನೂ ಬೀದಿಯ ಜನ ಸಂಶಯದಿಂದ ನೋಡುವಂತಾಗುತ್ತದೆ. ಕೆಲವರಿಗೆ ವಾಸನೆಯೂ ತಿಳಿಯದಾಗುತ್ತದೆ. ಅವನು ಕಿವಿಯ ವೈದ್ಯರಲ್ಲಿಗೆ ಹೋಗುತ್ತಾನೆ, ಶ್ರವಣಯಂತ್ರ ಧರಿಸುತ್ತಾನೆ, ವಯಸ್ಸಿನ ದೋಷವೆಂದು ಸಮಾಧಾನ ತಂದುಕೊಳ್ಳುತ್ತಾನೆ. ಕಿವುಡಿನ ಕಾರಣ ತನ್ನ ಸೊಂಟದಲ್ಲಿರಬಹುದೆಂದು ಯಾರಿಗೆ ತಾನೇ ಹೊಳೆದೀತು!

ಒಂದು ಕಾಲದಲ್ಲಿ ಈ ಸ್ಥಿತಿ ಬಹುಮಟ್ಟಿಗೆ ಶವಪರೀಕ್ಷೆಯ ಮೇಜಿನ ಮೇಲೆಯೇ ತಿಳಿದುಬರುತ್ತಿತ್ತು. ಈಗ ಎಂ. ಆರ್. ಐ. ಚಿತ್ರದಲ್ಲಿ ಮಿದುಳಿನ ಅಂಚಿಗೆ ಕಾಡಿಗೆಯಿಂದ ಗೆರೆ ಎಳೆದಂತೆ ಕಪ್ಪಾಗಿ ಕಾಣುತ್ತದೆ. ಆ ಗೆರೆ ಕಂಡ ಕೂಡಲೆ ಬಲ್ಲ ವೈದ್ಯರು ರೋಗಿಯ ಬೆನ್ನುಮೂಳೆಯನ್ನು ಮೇಲಿನಿಂದ ಕೆಳಗಿನವರೆಗೆ ಪರೀಕ್ಷಿಸುತ್ತಾರೆ. ಗೆಡ್ಡೆಯನ್ನು ತೆಗೆದರೆ ಒಸರುವುದು ನಿಂತು ರೋಗ ಮುಂದುವರಿಯುವುದು ತಪ್ಪಬಹುದು. ಆದರೆ ಹೋದ ಕಿವಿ ಹೆಚ್ಚಾಗಿ ಹೋದಂತೆಯೇ. ಬೇಗ ಗುರುತಿಸಬೇಕೆಂಬ ಮಾತು ಇಲ್ಲಿ ಬರಿಯ ಉಪಚಾರದ ಮಾತಲ್ಲ.

ಬೆನ್ನಿನ ನೀರನ್ನು ತೆಗೆದು ನೋಡುವ ಕ್ರಮಕ್ಕೆ ಸ್ವಾರಸ್ಯವಾದ ಇತಿಹಾಸವಿದೆ. ಜರ್ಮನಿಯ ಕೀಲ್ ನಗರದ ವೈದ್ಯ ಹೈನ್ರಿಖ್ ಕ್ವಿಂಕೆ 1891ರಲ್ಲಿ, ತಲೆಯಲ್ಲಿ ನೀರಿನ ಒತ್ತಡ ಹೆಚ್ಚಿದ ಮಕ್ಕಳಿಗೆ ಉಪಶಮನ ದೊರಕಿಸುವುದಕ್ಕಾಗಿ ಸೊಂಟದ ಮಣಿಗಳ ನಡುವೆ ಸೂಜಿಯನ್ನು ಇಳಿಸಿದ. ಹುರಿ ಮುಗಿದ ಮೇಲಿನ ಭಾಗವಾದುದರಿಂದ ಅದಕ್ಕೆ ಗಾಯವಾಗುವ ಭಯವಿರಲಿಲ್ಲ. ನರದ ಎಳೆಗಳು ಸೂಜಿಯ ಮೊನೆಯಿಂದ ಪಕ್ಕಕ್ಕೆ ಸರಿದುಕೊಳ್ಳುತ್ತವೆ. ಸೊಂಟಕ್ಕೆ ಸೂಜಿಯೆಂದರೆ ಕಾಲು ಬಿದ್ದುಹೋಗುತ್ತದೆಂದು ಹೆದರುವ ಮನೆಮಂದಿ ಇಂದಿಗೂ ಇದ್ದಾರೆ. ಅವರಿಗೆ ಈ ಒಂದು ಸಂಗತಿಯನ್ನು ತಿಳಿಸಿದರೆ ಅರ್ಧ ಭಯ ಹೋದೀತು. ಉಪಶಮನಕ್ಕೆಂದು ಹುಟ್ಟಿದ ಕ್ರಮ ಬೇಗನೆ ರೋಗನಿರ್ಣಯದ ಸಾಧನವಾಯಿತು. ತೆಗೆದ ನೀರು ಕೆಂಪಾಗಿದ್ದರೆ ಅದು ಸೂಜಿ ಚುಚ್ಚಿದ ಗಾಯದ್ದೋ, ಮೊದಲೇ ಇದ್ದ ರಕ್ತವೋ ಎಂಬ ಸಂದೇಹ ಬರುತ್ತದೆ. ನೀರನ್ನು ಒಂದಾದ ಮೇಲೊಂದರಂತೆ ಮೂರು ನಾಲ್ಕು ನಳಿಕೆಗಳಲ್ಲಿ ಹಿಡಿದರೆ, ಸೂಜಿಯ ರಕ್ತ ಬರಬರುತ್ತ ತಿಳಿಯಾಗುತ್ತದೆ. ನಿಜವಾದ ಸ್ರಾವ ಕೊನೆಯ ನಳಿಕೆಯವರೆಗೂ ಒಂದೇ ಸಮನಾಗಿರುತ್ತದೆ. ಇದಕ್ಕಿಂತ ನಂಬಲರ್ಹವಾದ ಗುರುತು ಹಳದಿ ಬಣ್ಣ. ರಕ್ತದ ಕಣಗಳು ಒಡೆದು ಸುಮಾರು ಹನ್ನೆರಡು ಗಂಟೆಯೊಳಗೆ ದ್ರವಕ್ಕೆ ಹಳದಿಯ ಛಾಯೆ ಬರುತ್ತದೆ, ಸುಮಾರು ಎರಡು ವಾರ ಉಳಿಯುತ್ತದೆ. ಈಗತಾನೆ ಚುಚ್ಚಿದ ಸೂಜಿ ಅಷ್ಟು ಬೇಗ ಹಳದಿಯನ್ನು ಉಂಟುಮಾಡಲಾರದು.

ಆದರೆ ನೀರು ರಕ್ತವಿದೆಯೆಂದು ಹೇಳೀತೇ ಹೊರತು ಎಲ್ಲಿಂದ ಬಂತೆಂದು ಹೇಳಲಾರದು. ಗೆಡ್ಡೆಯ ಜಾಗವನ್ನು ಕಾಣುವ ದಾರಿಯನ್ನು ತೆರೆದವರು ಪ್ಯಾರಿಸ್ಸಿನ ಸಿಕಾರ್ ಮತ್ತು ಫೊರೆಸ್ತಿಯೇ. ಗಸಗಸೆಯ ಎಣ್ಣೆಯಲ್ಲಿ ಅಯೋಡಿನ್ ಬೆರೆಸಿದ ಒಂದು ದ್ರಾವಣ ಕ್ಷ-ಕಿರಣಗಳಿಗೆ ಅಪಾರದರ್ಶಕವೆಂಬುದನ್ನು ಕಂಡುಕೊಂಡು, 1921ರ ಸುಮಾರಿಗೆ ಅವರು ಅದನ್ನು ಬೆನ್ನುಮೂಳೆಯ ಕೊಳವೆಗೆ ಬಿಟ್ಟು ಚಿತ್ರ ತೆಗೆಯತೊಡಗಿದರು. ಪಾಯಸಕ್ಕೆ ಮಾತ್ರ ಎಂದು ಗೃಹಿಣಿಯರು ತಿಳಿದಿರುವ ಗಸಗಸೆ ಹೀಗೊಮ್ಮೆ ನರವೈದ್ಯದ ಸೇವೆಯನ್ನೂ ಮಾಡಿದೆ. ಎಣ್ಣೆಯ ಹನಿ ಜಾರಿಕೊಂಡು ಹೋಗಿ ಗೆಡ್ಡೆಯ ಅಂಚಿನಲ್ಲಿ ತಡೆದು ನಿಲ್ಲುತ್ತಿತ್ತು. ಎಲ್ಲಿ ನಿಂತಿತೋ ಅಲ್ಲಿ ಶಸ್ತ್ರವೈದ್ಯ ಕೈಹಾಕುತ್ತಿದ್ದ. ಆದರೆ ಎಣ್ಣೆ ದೇಹದಲ್ಲಿಯೇ ಉಳಿದು ಪೊರೆಗಳನ್ನು ಕೆರಳಿಸುತ್ತಿದ್ದುದರಿಂದ ಮುಂದೆ ನೀರಿನಲ್ಲಿ ಕರಗುವ ದ್ರಾವಣಗಳು ಬಂದವು.

ಈಗ ಇವುಗಳ ಸ್ಥಾನವನ್ನು ಬಹುಪಾಲು ಎಂ. ಆರ್. ಐ. ಆಕ್ರಮಿಸಿದೆ. ಕಾಂತಕ್ಷೇತ್ರದ ನೆರವಿನಿಂದ ದೇಹದೊಳಗಿನ ಚಿತ್ರವನ್ನು ಬಿಡಿಸುವ ಈ ವಿಧಾನಕ್ಕಾಗಿ ಲಾಟರ್ಬರ್ ಮತ್ತು ಮ್ಯಾನ್ಸ್‌ಫೀಲ್ಡ್ ಎಂಬ ವಿಜ್ಞಾನಿಗಳಿಗೆ 2003ರಲ್ಲಿ ನೊಬೆಲ್ ಬಹುಮಾನ ಸಂದಿತು. ಗ್ಯಾಡೊಲಿನಿಯಮ್ ಸೇರಿದ ಔಷಧಿಯನ್ನು ರಕ್ತನಾಳಕ್ಕೆ ಕೊಟ್ಟು ಚಿತ್ರ ತೆಗೆದರೆ ಗೆಡ್ಡೆ ದೀಪ ಹಚ್ಚಿದಂತೆ ಬೆಳಗುತ್ತದೆ. ಗೆಡ್ಡೆಯ ಸಂದೇಹವಿದ್ದಾಗ ಸೂಜಿಗೆ ಮೊದಲೇ ಈ ಚಿತ್ರ ತೆಗೆಯುವುದು ಲೇಸು. ದ್ರವದ ಹರಿವು ಕಟ್ಟಿಕೊಂಡ ಜಾಗದ ಕೆಳಗೆ ನೀರು ತೆಗೆದರೆ ಗೆಡ್ಡೆ ಕುಸಿದು ಹುರಿಯನ್ನು ಇನ್ನಷ್ಟು ಅಮುಕುವ ಸಂಭವವಿದೆ. ಇಷ್ಟೆಲ್ಲ ಸೌಕರ್ಯವಿದ್ದರೂ ಯಂತ್ರಕ್ಕೆ ಒಂದು ಮಿತಿಯುಂಟು. ತಲೆಯ ಕಡೆಗೆ ತಿರುಗಿಸಿದರೆ ಅದು ತಲೆಯನ್ನಷ್ಟೇ ತೋರಿಸುತ್ತದೆ. ಸೊಂಟದ ಕಡೆಗೆ ತಿರುಗಿಸಬೇಕೆಂದು ಯಾರಾದರೂ ಹೇಳಬೇಕು. ಹೇಳಬೇಕಾದರೆ, ನೋವು ಮೊದಲು ಎಲ್ಲಿ ಶುರುವಾಯಿತೆಂದು ಯಾರಾದರೂ ಕೇಳಿರಬೇಕು. ತಲೆನೋವಿನಿಂದ ನರಳುವ ರೋಗಿ ತಾನಾಗಿ ಅದನ್ನು ಹೇಳುವ ಸ್ಥಿತಿಯಲ್ಲಿರುವುದಿಲ್ಲ. ಆ ಗಳಿಗೆಯಲ್ಲಿ ಜೊತೆಯಲ್ಲಿದ್ದ ಹೆಂಡತಿಯೋ ಮಗನೋ, “ಡಾಕ್ಟರೇ, ಬೆಳಿಗ್ಗೆ ಮೊದಲು ಬೆನ್ನು ಹಿಡಿದುಕೊಂಡು ಕೂಗಿದರು, ಆರು ತಿಂಗಳಿಂದ ಕಾಲು ಸೆಳೆತವೂ ಇತ್ತು” ಎಂದು ಒಂದು ಮಾತು ಹೇಳಿದರೆ, ಅದು ಹಲವು ಪರೀಕ್ಷೆಗಳಿಗೆ ಸಮನಾದ ಉಪಕಾರ.

ಇಲ್ಲಿ ಒಂದು ಮಾತು. ಸೊಂಟನೋವಿಲ್ಲದ ಮನೆಯಿಲ್ಲ. ಅವುಗಳಲ್ಲಿ ಬಹುಪಾಲು ಸ್ನಾಯುವಿನ ಆಯಾಸದಿಂದಲೋ ಮಣಿಗಳ ನಡುವಣ ಮೆತ್ತೆ ಸರಿದುದರಿಂದಲೋ ಬಂದವು. ವಿಶ್ರಾಂತಿಗೂ ವ್ಯಾಯಾಮಕ್ಕೂ ಬಗ್ಗುವಂಥವು. ಈ ಲೇಖನವನ್ನು ಓದಿ ಪ್ರತಿಯೊಂದು ಉಳುಕಿನ ಹಿಂದೆಯೂ ಗೆಡ್ಡೆಯನ್ನು ಕಾಣುವುದು ಅನಾವಶ್ಯಕ. ಆದರೆ ಗೆಡ್ಡೆಯ ನೋವಿಗೆ ತನ್ನದೇ ಆದ ಒಂದು ನಡತೆಯಿದೆ. ಅದು ಹಗಲಿಗಿಂತ ರಾತ್ರಿ ಹೆಚ್ಚು; ಮಲಗಿದರೆ ಶಮನವಾಗುವ ಬದಲು ಕೆರಳುತ್ತದೆ; ಮಧ್ಯರಾತ್ರಿಯಲ್ಲಿ ಎದ್ದು ಕೋಣೆಯಲ್ಲಿ ಅಡ್ಡಾಡಿದರೆ ಹಗುರವಾಗುತ್ತದೆ. ತಿಂಗಳು ತಿಂಗಳಿಗೆ ಏರುತ್ತಲೇ ಹೋಗುತ್ತದೆ. ಇಂತಹ ನೋವಿದ್ದವರು ವೈದ್ಯರನ್ನು ಕಾಣುವುದಕ್ಕೆ ಶುಭಮುಹೂರ್ತವನ್ನು ಕಾಯಬೇಕಾದುದಿಲ್ಲ. ಇನ್ನು ಕಾಲುಗಳಲ್ಲಿ ಬಲ ಕುಗ್ಗಿದರೆ, ಮೂತ್ರ ಕಟ್ಟಿಕೊಂಡರೆ ಅಥವಾ ಹತೋಟಿ ತಪ್ಪಿದರೆ, ಕುದುರೆಯ ಜೀನಿನ ಮೇಲೆ ಕುಳಿತಾಗ ತಾಗುವ ಭಾಗದಲ್ಲಿ ಸ್ಪರ್ಶ ತಿಳಿಯದಾದರೆ, ಅದು ನಾಳೆಗೆ ಮುಂದೂಡುವ ವಿಷಯವೇ ಅಲ್ಲ. ರಕ್ತ ಸುರಿದು ಉಬ್ಬಿದ ಗೆಡ್ಡೆಯ ಅಡಿಯಲ್ಲಿ ಸಿಕ್ಕ ನರಗಳಿಗೆ ಗಂಟೆಗಳ ಲೆಕ್ಕ. ಹಲವರು ಮೂತ್ರದ ಮಾತನ್ನು ಸಂಕೋಚದಿಂದ ಮುಚ್ಚಿಡುತ್ತಾರೆ, ಹೆಂಗಸರಂತೂ ಹೆಚ್ಚಾಗಿ. ಈ ಸಂಕೋಚಕ್ಕೆ ತೆರಬೇಕಾದ ಬೆಲೆ ಕೆಲವೊಮ್ಮೆ ಜೀವನಪರ್ಯಂತದ ರಬ್ಬರು ನಳಿಕೆ.

ಚಿಕಿತ್ಸೆ ಶಸ್ತ್ರಕ್ರಿಯೆಯೇ. ಮಾತ್ರೆಯಿಂದ ಕರಗುವ ಗೆಡ್ಡೆಯಲ್ಲ ಇದು. ಮಣಿಗಳ ಹಿಂಭಾಗದ ಮೂಳೆಯನ್ನು ತೆರೆದು, ಗಟ್ಟಿಪೊರೆಯನ್ನು ಸೀಳಿ, ಸೂಕ್ಷ್ಮದರ್ಶಕದ ಕೆಳಗೆ ಒಂದೊಂದು ನರದ ಎಳೆಯನ್ನೂ ಬಿಡಿಸಿಕೊಂಡು ಗೆಡ್ಡೆಯನ್ನು ಹೊರತೆಗೆಯುತ್ತಾರೆ. ಅಂತ್ಯತಂತುವಿನ ಎಪೆಂಡಿಮೋಮಾವನ್ನು ಸಾಧ್ಯವಾದ ಮಟ್ಟಿಗೆ ಅದರ ಕೋಶ ಒಡೆಯದಂತೆ ಇಡಿಯಾಗಿ ತೆಗೆಯುವುದು ಮುಖ್ಯ. ಚೂರಾದರೆ ಅದರ ಕಣಗಳು ದ್ರವದಲ್ಲಿ ತೇಲಿಹೋಗಿ ಬೇರೆಡೆ ಬೇರೂರಬಹುದು. ಈ ಗೆಡ್ಡೆಯನ್ನು ದೀರ್ಘಕಾಲ ತೀರ ಸಾಧುವೆಂದು ಮೊದಲನೆಯ ದರ್ಜೆಯಲ್ಲಿ ಇಟ್ಟಿದ್ದರು. ಮತ್ತೆ ಮರಳುವ ಅದರ ಸ್ವಭಾವವನ್ನು ಕಂಡು ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣ ಅದನ್ನು ಎರಡನೆಯ ದರ್ಜೆಗೆ ಸೇರಿಸಿತು. ಆದುದರಿಂದ ಶಸ್ತ್ರಕ್ರಿಯೆಯಾದ ಮೇಲೂ ವರ್ಷಾನುವರ್ಷ ಚಿತ್ರ ತೆಗೆಸಿ ನೋಡಬೇಕಾಗುತ್ತದೆ. ಉಳಿಕೆಯಿದ್ದರೆ ಕಿರಣಚಿಕಿತ್ಸೆಯನ್ನೂ ಕೊಡುವುದುಂಟು. ಫಲಿತಾಂಶವನ್ನು ನಿರ್ಧರಿಸುವುದರಲ್ಲಿ ಶಸ್ತ್ರವೈದ್ಯನ ಕೈಚಳಕಕ್ಕೆ ಎಷ್ಟು ಪಾಲಿದೆಯೋ, ಮೇಜಿನ ಮೇಲೆ ಮಲಗುವ ದಿನ ರೋಗಿಯ ಕಾಲಿನಲ್ಲಿ ಎಷ್ಟು ಬಲ ಉಳಿದಿತ್ತೆಂಬುದಕ್ಕೂ ಅಷ್ಟೇ ಪಾಲಿದೆ. ನಡೆದುಕೊಂಡು ಬಂದವರು ಸಾಮಾನ್ಯವಾಗಿ ನಡೆದುಕೊಂಡೇ ಹೋಗುತ್ತಾರೆ. ದಕ್ಷಿಣ ಭಾರತದವರಿಗೆ ಈ ವಿದ್ಯೆ ಹೊಸದಲ್ಲ: ಡಾ. ಜೇಕಬ್ ಚಾಂಡಿಯವರು ವೆಲ್ಲೂರಿನಲ್ಲಿ 1949ರಲ್ಲಿ ದೇಶದ ಮೊದಲ ನರಶಸ್ತ್ರವೈದ್ಯ ವಿಭಾಗವನ್ನು ತೆರೆದರು; ಮರುವರ್ಷ ಮದರಾಸಿನಲ್ಲಿ ಡಾ. ಬಿ. ರಾಮಮೂರ್ತಿಯವರು ಆ ಕಾರ್ಯಕ್ಕೆ ತೊಡಗಿದರು.

ಬೆನ್ನುಹುರಿಯ ಗೆಡ್ಡೆಯನ್ನು ತೆಗೆಯಬಹುದೆಂಬ ಧೈರ್ಯ ಮನುಷ್ಯನಿಗೆ ಬಂದದ್ದು ಲಂಡನ್ನಿನ ಒಂದು ಮಧ್ಯಾಹ್ನ. ಅದಕ್ಕೆ ಮುಂಚೆ ಇಂತಹ ರೋಗಿಗಳಿಗೆ ಅಫೀಮು ಕೊಟ್ಟು ಮರಣವನ್ನು ಕಾಯುವುದಷ್ಟೇ ಉಳಿದಿತ್ತು. ನಲವತ್ತೆರಡು ವರ್ಷ ವಯಸ್ಸಿನ ಸೇನಾ ಕ್ಯಾಪ್ಟನ್ ಒಬ್ಬನಿಗೆ 1884ರಲ್ಲಿ ಎಡ ಹೆಗಲಿನ ಮೂಳೆಯ ಕೆಳಗೆ ನೋವು ಆರಂಭವಾಗಿತ್ತು. ಅವನ ಗೆಡ್ಡೆ ರಕ್ತ ಸುರಿಸುವ ಜಾತಿಯದಲ್ಲ. ಬೆಳೆದು ಅಮುಕುವ ಜಾತಿಯದು. ಮೂರು ವರ್ಷ ಅವನು ಕಂಡ ವೈದ್ಯರು ಅದನ್ನು ನರದ ನೋವೆಂದರು, ಕೆಲವರು ಮನಸ್ಸಿನ ದೌರ್ಬಲ್ಯವೆಂದೂ ಅಂದರು. 1887ರ ಹೊತ್ತಿಗೆ ಎರಡು ಕಾಲುಗಳೂ ಬಿದ್ದುಹೋಗಿ, ಮೂತ್ರ ಕಟ್ಟಿ, ಸೆಳೆತದ ಯಾತನೆಯಿಂದ ಅವನು ಕೂಗಾಡುವಂತಾಯಿತು. ಪ್ರಸಿದ್ಧ ನರವೈದ್ಯ ವಿಲಿಯಮ್ ಗವರ್ಸ್ ಅವನನ್ನು ಪರೀಕ್ಷಿಸಿ, ಹುರಿಯನ್ನು ಗೆಡ್ಡೆಯೊಂದು ಅಮುಕುತ್ತಿದೆಯೆಂದೂ ಅದರ ಸ್ಥಾನ ಇಂತಹುದೆಂದೂ ಹೇಳಿದ. ಆಗ ಕ್ಷ-ಕಿರಣವೇ ಇರಲಿಲ್ಲ. ರಂಟ್‌ಗೆನ್ ಅದನ್ನು ಕಂಡುಹಿಡಿದದ್ದು 1895ರಲ್ಲಿ. ನೋವಿನ ಜಾಗ, ಸ್ಪರ್ಶ ತಪ್ಪಿದ ಗಡಿ, ಕಾಲುಗಳ ಸ್ಥಿತಿ ಇಷ್ಟೇ ಗವರ್ಸನ ಆಧಾರ.

ಕ್ವೀನ್ ಸ್ಕ್ವೇರಿನ ರಾಷ್ಟ್ರೀಯ ಆಸ್ಪತ್ರೆಯಲ್ಲಿ ಜೂನ್ 9ರಂದು ವಿಕ್ಟರ್ ಹಾರ್ಸ್ಲಿ ಶಸ್ತ್ರ ಹಿಡಿದ. ಅವನಿಗೆ ಆಗ ಮೂವತ್ತು ವರ್ಷ. ಗವರ್ಸ್ ಸೂಚಿಸಿದ ಭಾಗದಲ್ಲಿ ಮೂಳೆಯನ್ನು ತೆಗೆದು, ಪೊರೆಯನ್ನು ಸೀಳಿ ನೋಡಿದರೆ ಅಲ್ಲಿ ಏನೂ ಇಲ್ಲ. ಹುರಿ ನಿರ್ದೋಷವಾಗಿ ಕಾಣುತ್ತಿತ್ತು. ಇನ್ನೂ ಸ್ವಲ್ಪ ಮೂಳೆ ತೆಗೆದ; ಆಗಲೂ ಇಲ್ಲ. ಗಾಯವನ್ನು ಮುಚ್ಚಿಬಿಡುವುದೇ ಸರಿಯೆಂಬ ಹಂತಕ್ಕೆ ಬಂದಾಗ, ಸಹಾಯಕನಾಗಿದ್ದ ಚಾರ್ಲ್ಸ್ ಬ್ಯಾಲನ್ಸ್ ಇನ್ನೊಂದು ಮಣಿಯಷ್ಟು ಮೇಲೆ ನೋಡಬೇಕೆಂದು ಒತ್ತಾಯಪಡಿಸಿದ. ಹಾರ್ಸ್ಲಿ ಒಪ್ಪಿದ. ಆ ಮಣಿಯ ಮೂಳೆ ಸರಿದೊಡನೆ ಹುರಿಯ ಎಡಬದಿಯಲ್ಲಿ ಬಾದಾಮಿಯಾಕಾರದ ಗೆಡ್ಡೆ ಕಾಣಿಸಿತು. ಹುರಿಗೆ ಆಳವಾಗಿ ಗುಳಿ ಬಿದ್ದಿತ್ತು. ಗೆಡ್ಡೆ ಸುಲಭವಾಗಿ ಬಿಡಿಸಿಕೊಂಡು ಬಂತು.

ಕಾಲುಗಳಿಗೆ ಚಲನೆ ತಿಂಗಳುಗಟ್ಟಲೆ ಅವಧಿಯಲ್ಲಿ ಮೆಲ್ಲಮೆಲ್ಲನೆ ಮರಳಿತು. ಗವರ್ಸ್ ಮತ್ತು ಹಾರ್ಸ್ಲಿ 1888ರಲ್ಲಿ ಈ ಪ್ರಸಂಗವನ್ನು ಪ್ರಕಟಿಸಿದಾಗ ಕ್ಯಾಪ್ಟನ್ನನ ಇತ್ತೀಚಿನ ವರ್ತಮಾನವನ್ನೂ ಸೇರಿಸಿದರು: ಅವನು ದಿನಕ್ಕೆ ಹದಿನಾರು ಗಂಟೆ ಕೆಲಸ ಮಾಡುತ್ತಿದ್ದ, ಆ ಕೆಲಸದಲ್ಲಿ ನಿಲ್ಲುವುದೂ ಓಡಾಡುವುದೂ ಬಹಳವಿತ್ತು.